ನಾಮಿನಿ ಮಾಡಿದರೆ ಸಾಲದು, ಉಯಿಲೂ ಬೇಕು

ಮಾನ್ಯ ಸಂಪಾದಕರೇ,

ಸಲಿಂಗ ಜೋಡಿಗಳು ಜಂಟಿ ಖಾತೆ ತೆರೆಯಲು, ಒಬ್ಬರನ್ನೊಬ್ಬರು ನಾಮಿನಿ ಮಾಡಿಕೊಳ್ಳಲು ಯಾವ ಅಡ್ಡಿಯೂ ಇಲ್ಲವೆಂದು ಕೇಂದ್ರದ ಹಣಕಾಸು ಸೇವೆಗಳ ಇಲಾಖೆ 2024ರ ಆಗಸ್ಟ್ 28ರಂದು ಸ್ಪಷ್ಟಪಡಿಸಿದೆ. ಅದಕ್ಕೆ ಒಂದು ವಾರ ಮೊದಲೇ ರಿಸರ್ವ್ ಬ್ಯಾಂಕ್ ವಾಣಿಜ್ಯ ಬ್ಯಾಂಕುಗಳಿಗೆ ಇದನ್ನೇ ತಿಳಿಸಿತ್ತು. ಆದರೂ ಕೌಂಟರಿನಲ್ಲಿ ‘ಇವರು ನಿಮಗೆ ಏನಾಗಬೇಕು?’ ಎಂಬ ಪ್ರಶ್ನೆ, ಅದರ ಹಿಂದಿನ ಆ ನೋಟ ಇನ್ನೂ ತಪ್ಪಿಲ್ಲ. ನಾಮಿನಿ ಹೆಸರಿಸಲು ಬ್ಯಾಂಕುಗಳು ಬಹುಕಾಲ ಬಳಸಿದ ಡಿಎ-1 ನಮೂನೆಯಲ್ಲಿ ಸಂಬಂಧದ ಖಾನೆಯ ಪಕ್ಕದಲ್ಲೇ ‘ಇದ್ದಲ್ಲಿ’ ಎಂದಿತ್ತು. ನಾಮಿನಿ ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಮುಜುಗರಕ್ಕೆ ‘ಕಸಿನ್’ ಎಂದು ಬರೆಯುವುದು ಬೇಡ. ಮುಂದೆ ಮನೆಯವರು ತಕರಾರು ತೆಗೆದರೆ ಆ ಸುಳ್ಳೇ ಅವರಿಗೆ ಆಧಾರವಾಗುತ್ತದೆ. ಸಂಗಾತಿ ಎನ್ನಲು ಧೈರ್ಯ ಸಾಲದಿದ್ದರೆ ಸ್ನೇಹಿತ ಎಂದಾದರೂ ಬರೆಯಿರಿ.

ಇಷ್ಟಾದರೂ ಅರ್ಧ ಕೆಲಸವಷ್ಟೇ ಮುಗಿದಂತೆ. ನಾಮಿನಿ ಹಣ ಪಡೆಯುವವನೇ ಹೊರತು ಅದರ ಒಡೆಯನಲ್ಲ. ವಾರಸುದಾರರು ಕೇಳಿದರೆ ಒಪ್ಪಿಸಬೇಕಾಗುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಹೆಂಡತಿ ಮಕ್ಕಳಿಲ್ಲದ ಗಂಡಸು ಉಯಿಲು ಬರೆಯದೆ ತೀರಿಕೊಂಡರೆ ಆಸ್ತಿ ತಾಯಿಗೆ, ತಾಯಿ ಇಲ್ಲದಿದ್ದರೆ ತಂದೆಗೆ. ಎಷ್ಟು ವರ್ಷ ಒಂದೇ ಸೂರಿನಡಿ ಬಾಳಿದ್ದರೂ ಸಂಗಾತಿಯ ಹೆಸರು ಆ ಪಟ್ಟಿಯಲ್ಲಿಲ್ಲ. 2018ರಲ್ಲಿ ಅಪರಾಧಿ ಪಟ್ಟ ಕಳಚಿದ ಸುಪ್ರೀಂ ಕೋರ್ಟ್, 2023ರ ಅಕ್ಟೋಬರ್ 17ರಂದು ಮದುವೆಗೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಹಾಗಾಗಿ ಸದ್ಯಕ್ಕೆ ಉಯಿಲೇ ಗತಿ.

ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ಆಸ್ತಿ ಪಡೆಯುವ ಸಂಗಾತಿಯೇ ಸಾಕ್ಷಿಯಾದರೆ ಸಂಶಯಕ್ಕೆ ನೀವೇ ಬಾಗಿಲು ತೆರೆದಂತೆ. ಸಂಗಾತಿಯ ಹೆಸರಿಗೆ ಬರೆದ ಉಯಿಲನ್ನು ಮನೆಯವರು ಪ್ರಶ್ನಿಸುವ ಸಂಭವ ಹೆಚ್ಚಾದ್ದರಿಂದ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದು ಒಳ್ಳೆಯದು. ಹೆತ್ತವರಿಗೆ ಏಕೆ ಕೊಟ್ಟಿಲ್ಲ ಅಥವಾ ಎಷ್ಟು ಕೊಟ್ಟಿದೆ ಎಂಬುದಕ್ಕೆ ಎರಡು ಸಾಲು ಸೇರಿಸಿ. ಆ ಎರಡು ಸಾಲು ಇಲ್ಲದಿದ್ದರೆ ‘ಮಗನ ತಲೆ ಕೆಡಿಸಿ ಬರೆಸಿಕೊಂಡ’ ಎಂಬ ವಾದ ಸುಲಭ. ಜನರಲ್ ಪವರ್ ಆಫ್ ಅಟಾರ್ನಿ ಇದೆಯಲ್ಲ ಎಂದು ನೆಮ್ಮದಿಯಾಗಿರುವವರೂ ಇದ್ದಾರೆ. ಬರೆದುಕೊಟ್ಟವರ ಸಾವಿನೊಂದಿಗೆ ಅದೂ ಮುಗಿಯುತ್ತದೆ.

ನೌಕರರ ಭವಿಷ್ಯ ನಿಧಿಯದು (ಪಿಎಫ್) ಬೇರೆಯೇ ತೊಡಕು. ಸದಸ್ಯನಿಗೆ ಕುಟುಂಬವಿದ್ದರೆ ಹೊರಗಿನವರ ಹೆಸರಿನ ನಾಮಿನೇಷನ್ ಅಸಿಂಧು, ಮತ್ತು ಅವಲಂಬಿತ ತಂದೆ ತಾಯಿಯೂ ಅಲ್ಲಿ ಕುಟುಂಬವೇ. ಸಂಗಾತಿಯ ಹೆಸರು ಬರೆದು ಮರೆತವರು ಇದನ್ನೊಮ್ಮೆ ನೋಡಿಕೊಳ್ಳಬೇಕು.

ಮಾನಸಿಕ ಆರೋಗ್ಯ ಚಿಕಿತ್ಸೆಯ ಮಟ್ಟಿಗೆ ಕಾನೂನು ಉದಾರವಾಗಿದೆ. 2017ರ ಕಾಯ್ದೆಯ 14ನೇ ಕಲಂ ಪ್ರಕಾರ ಬಿಳಿ ಹಾಳೆಯಲ್ಲಿ ಬರೆದು ಸಹಿ ಮಾಡಿದರೆ ಸಂಗಾತಿಯನ್ನೇ ಪ್ರತಿನಿಧಿಯಾಗಿ ನೇಮಿಸಬಹುದು.

ಶವ ಪಡೆಯುವ ವಿಷಯದಲ್ಲಿ ಮಾತ್ರ ಕೇಂದ್ರ ಆರೋಗ್ಯ ಸಚಿವಾಲಯ 2024ರಲ್ಲಿ ರಾಜ್ಯಗಳಿಗೆ ಬರೆದ ಪತ್ರ ಅರೆಮನಸ್ಸಿನದು. ಹತ್ತಿರದ ಸಂಬಂಧಿಗಳು ಇಲ್ಲದಾಗಷ್ಟೇ ಸಂಗಾತಿಗೆ ಅವಕಾಶ. ವರ್ಷಗಟ್ಟಲೆ ಮಾತು ಬಿಟ್ಟ ಅಣ್ಣ ಶವಾಗಾರಕ್ಕೆ ಬಂದು ನಿಂತರೆ ಸಂಗಾತಿ ಪಕ್ಕಕ್ಕೆ ಸರಿಯಬೇಕು. ತೀರಿಕೊಂಡವರು ಮೊದಲೇ ಲಿಖಿತವಾಗಿ ಹೆಸರಿಸಿದ ವ್ಯಕ್ತಿಗೆ ಆದ್ಯತೆ ಕೊಡಬೇಕೆಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆಯಾದರೂ ಜಿಲ್ಲಾಸ್ಪತ್ರೆಗಳಿಗೆ ಕನ್ನಡದಲ್ಲೇ ಸುತ್ತೋಲೆ ಹೊರಡಿಸಲಿ.

– ಕಾನೂನು ನೆರವು ಕಾರ್ಯಕರ್ತರು, ಬೆಂಗಳೂರು