ಅಚ್ಚರಿಯ ಚೌಕಕ್ಕೆ ಇನ್ನೆರಡು ಸಾಲು ಜಾಗ ಕೊಡಿ

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಒಳಪುಟದ ಮೂಲೆಯಲ್ಲಿ ಬರುವ ಅಚ್ಚರಿಯ ಸಂಗತಿಗಳ ಚೌಕದಲ್ಲಿ, ಚಂದ್ರನ ಮೇಲಿಂದ ಬರಿಗಣ್ಣಿಗೆ ಕಾಣುವ ಏಕೈಕ ಮಾನವ ನಿರ್ಮಿತಿ ಚೀನಾದ ಮಹಾಗೋಡೆ ಎಂಬ ಸಾಲು ಈಚೆಗೆ ಮತ್ತೆ ಅಚ್ಚಾಗಿದೆ. ಮತ್ತೆ ಎನ್ನಲು ಕಾರಣ, ಇದು ಎಷ್ಟು ಸಲ ಹೊರಗಟ್ಟಿದರೂ ಹಿಂಬಾಗಿಲಿನಿಂದ ಒಳಬರುವ ಸುಳ್ಳು. ಚಂದ್ರ ನಮ್ಮಿಂದ ಸರಾಸರಿ 3,84,000 ಕಿಲೋಮೀಟರ್ ದೂರದಲ್ಲಿದ್ದಾನೆ. ಗೋಡೆ ಸಾವಿರಾರು ಕಿಲೋಮೀಟರ್ ಉದ್ದವಿರುವುದು ನಿಜ. ಅಗಲ ಮಾತ್ರ ಹೆಚ್ಚಿನ ಕಡೆ ಹತ್ತು ಮೀಟರಿನೊಳಗೆ. ಕೂದಲೆಳೆ ಎಷ್ಟು ಉದ್ದವಿದ್ದರೇನು, ದೂರದಿಂದ ಕಾಣಬೇಕಾದರೆ ದಪ್ಪವಿರಬೇಕು. ಸಾಲದ್ದಕ್ಕೆ ಗೋಡೆಯ ಬಣ್ಣವೂ ಸುತ್ತಲಿನ ಕಲ್ಲುಮಣ್ಣಿನದೇ. 2003ರಲ್ಲಿ ಚೀನಾದ ಮೊದಲ ಗಗನಯಾತ್ರಿ ಯಾಂಗ್ ಲಿವೈ ಕೆಲವೇ ನೂರು ಕಿಲೋಮೀಟರ್ ಎತ್ತರದ ಕಕ್ಷೆಯಲ್ಲಿ ಸುತ್ತಿ ಬಂದು, ತಮಗೆ ಗೋಡೆ ಕಾಣಲಿಲ್ಲವೆಂದು ನೇರವಾಗಿ ಹೇಳಿದರು. ತಮ್ಮದೇ ದೇಶದ ಹೆಮ್ಮೆಯನ್ನು ಅವರು ಬೇಕೆಂದೇ ಕುಗ್ಗಿಸಿಯಾರೇ?

ತಮಾಷೆಯೆಂದರೆ ಈ ಮಾತು ಹುಟ್ಟಿದ್ದು ಬಾಹ್ಯಾಕಾಶಕ್ಕೆ ಯಾರೂ ಹೋಗದಿದ್ದ ಕಾಲದಲ್ಲಿ. ಇಂಗ್ಲೆಂಡಿನ ವಿದ್ವಾಂಸ ವಿಲಿಯಂ ಸ್ಟೂಕ್ಲಿ 1754ರ ಪತ್ರವೊಂದರಲ್ಲಿಯೇ, ಗೋಡೆ ಚಂದ್ರನಿಂದ ಕಂಡೀತು ಎಂದು ಊಹಿಸಿದ್ದರು. 1932ರಲ್ಲಿ ಅಮೆರಿಕದ ರಾಬರ್ಟ್ ರಿಪ್ಲಿ 'ಬಿಲೀವ್ ಇಟ್ ಆರ್ ನಾಟ್' ಎಂಬ ತಮ್ಮ ಚಿತ್ರ ಅಂಕಣದಲ್ಲಿ ಅದನ್ನು ಸಂಶಯಕ್ಕೆಡೆಯಿಲ್ಲದ ಸತ್ಯವೆಂಬಂತೆ ಸಾರಿದರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಅಂದರೆ ಸಾಕ್ಷಿಗಿಂತ ಮೂವತ್ತೇಳು ವರ್ಷ ಮೊದಲೇ ತೀರ್ಪು ಅಚ್ಚಾಗಿ ಹೋಗಿತ್ತು.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಆ ಚೌಕದ ವೈರಿ ಎಂದು ತಿಳಿಯಬೇಡಿ. ಪತ್ರಿಕೆ ಕೈಗೆ ಬಂದೊಡನೆ ನಾನು ಮೊದಲು ತೆರೆಯುವುದು ಅದನ್ನೇ; ರಾಜಕೀಯ ಆಮೇಲೆ. ನನ್ನ ದೂರು ಇಷ್ಟೇ: ಅಚ್ಚರಿಯನ್ನು ಒಂದು ಸಾಲಿಗೆ ಕತ್ತರಿಸಿ ಕೊಡುತ್ತೀರಿ. ಆದರೆ ಸಂಗತಿಯ ಸ್ವಾರಸ್ಯವೂ ಸತ್ಯಾಸತ್ಯವೂ ಇರುವುದು ಕತ್ತರಿಸಿ ಬಿಸಾಡಿದ ಎರಡನೆಯ ಸಾಲಿನಲ್ಲಿ.

ಶುಕ್ರ ಗ್ರಹವನ್ನೇ ನೋಡಿ. ಅಲ್ಲಿ ಒಂದು ದಿನ ಒಂದು ವರ್ಷಕ್ಕಿಂತ ದೀರ್ಘ ಎಂದು ಪ್ರಕಟಿಸಿದ್ದಿರಿ. ಸುಳ್ಳಲ್ಲ. ಶುಕ್ರ ತನ್ನ ಅಕ್ಷದ ಸುತ್ತ ಒಮ್ಮೆ ತಿರುಗಲು ನಮ್ಮ ಲೆಕ್ಕದ 243 ದಿನ ಬೇಕು, ಸೂರ್ಯನನ್ನು ಸುತ್ತಿ ಬರಲು 225 ದಿನ ಸಾಕು. ಓದಿದವರು ಅಲ್ಲಿ ವರ್ಷ ಕಳೆದರೂ ಬೆಳಗಾಗುವುದೇ ಇಲ್ಲವೆಂದು ಭಾವಿಸುತ್ತಾರೆ. ಶುಕ್ರ ತಿರುಗುವುದು ಬಹುತೇಕ ಗ್ರಹಗಳಿಗೆ ವಿರುದ್ಧ ದಿಕ್ಕಿನಲ್ಲಿ. ಹಾಗಾಗಿ ಒಂದು ಸೂರ್ಯೋದಯದಿಂದ ಇನ್ನೊಂದಕ್ಕೆ ಸುಮಾರು 117 ದಿನ ಮಾತ್ರ. ವರ್ಷಕ್ಕೆ ಹೆಚ್ಚೂಕಡಿಮೆ ಎರಡು ಬೆಳಗು, ಅವೂ ಪಶ್ಚಿಮದಲ್ಲಿ. ದಟ್ಟ ಮೋಡದ ಕೆಳಗೆ ನಿಂತವರಿಗೆ ಸೂರ್ಯನ ಬಿಂಬ ಕಾಣುವುದಿಲ್ಲ, ಆ ಮಾತು ಬೇರೆ. ಪಶ್ಚಿಮದ ಸೂರ್ಯೋದಯವನ್ನು ಕೈಬಿಟ್ಟು ಬರೀ ದೀರ್ಘ ದಿನವನ್ನು ಉಳಿಸಿಕೊಂಡವರಿಗೆ ಏನೆನ್ನಬೇಕು?

ಬೇಸಿಗೆಯಲ್ಲಿ ಐಫೆಲ್ ಗೋಪುರ ಬೆಳೆಯುತ್ತದೆ ಎಂಬುದೂ ಹೀಗೆಯೇ. ಒಂದು ಮೀಟರ್ ಕಬ್ಬಿಣ ಒಂದು ಡಿಗ್ರಿ ಸೆಲ್ಸಿಯಸ್ ಬಿಸಿಯೇರಿದರೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ ಎಂದು ಸೇರಿಸಿದ್ದರೆ ಸಾಕಿತ್ತು. ಗೋಪುರದ ಕಬ್ಬಿಣದ ಭಾಗ ಸುಮಾರು 300 ಮೀಟರ್. ಚಳಿಗೂ ಬೇಸಿಗೆಗೂ ಲೋಹದ ಉಷ್ಣತೆಯಲ್ಲಿ ನಲವತ್ತು ಡಿಗ್ರಿ ಅಂತರವಿದ್ದರೆ ಹದಿನಾಲ್ಕು ಸೆಂಟಿಮೀಟರ್ ಆಯಿತು. ಶಾಲೆಯ ಹುಡುಗಿಯೊಬ್ಬಳು ಪತ್ರಿಕೆಯ ಅಂಚಿನಲ್ಲೇ ಈ ಗುಣಾಕಾರ ಮಾಡಿ ಮುಗಿಸುತ್ತಾಳೆ. ಆಮೇಲೆ ಅದು ಪತ್ರಿಕೆ ಹೇಳಿದ ಮಾತಲ್ಲ, ಅವಳೇ ಕಂಡುಕೊಂಡದ್ದು.

ಸಿನಿಮಾ, ಆಟಗಳ ಲೋಕದಲ್ಲಂತೂ 'ಏಕೆ' ಎಂಬುದನ್ನು ಬಿಟ್ಟರೆ ಉಳಿಯುವುದು ಸಿಪ್ಪೆ. ಮಾರಿಯೊ ಎಂಬ ವಿಡಿಯೊ ಗೇಮ್ ನಾಯಕನಿಗೆ ಅಷ್ಟು ದೊಡ್ಡ ಮೀಸೆ ಏಕೆ? 1981ರ 'ಡಾಂಕಿ ಕಾಂಗ್' ಆಟದಲ್ಲಿ ಅವನನ್ನು ಬಿಡಿಸಲು ಶಿಗೆರು ಮಿಯಾಮೊಟೊ ಅವರಿಗೆ ಸಿಕ್ಕಿದ್ದು ಪರದೆಯ ಕೆಲವೇ ಚುಕ್ಕಿಗಳು. ಅಷ್ಟರಲ್ಲಿ ಬಾಯಿ ಬಿಡಿಸುವುದು ಆಗದ ಮಾತು. ಮೂಗಿನ ಕೆಳಗೆ ಮೀಸೆ ಇಟ್ಟರು. ಕೂದಲು ಬಿಡಿಸುವುದು ಕಷ್ಟ. ತಲೆಗೆ ಟೋಪಿ ಹಾಕಿದರು. ಆಗ ಅವನಿಗೆ ಮಾರಿಯೊ ಎಂಬ ಹೆಸರೂ ಇರಲಿಲ್ಲ, ಜಂಪ್‌ಮ್ಯಾನ್ ಎನ್ನುತ್ತಿದ್ದರು. 1975ರ 'ಜಾಸ್' ಚಿತ್ರದಲ್ಲಿ ಶಾರ್ಕ್ ಬಹಳ ಹೊತ್ತು ಕಣ್ಣಿಗೇ ಬೀಳುವುದಿಲ್ಲ. ಯಂತ್ರದ ಶಾರ್ಕ್ ಉಪ್ಪುನೀರಿನಲ್ಲಿ ಪದೇ ಪದೇ ಕೆಡುತ್ತಿತ್ತು. ನಿರ್ದೇಶಕ ಸ್ಪೀಲ್‌ಬರ್ಗ್ ಅದನ್ನು ತೋರಿಸದೆಯೇ ಹೆದರಿಸುವ ದಾರಿ ಹುಡುಕಬೇಕಾಯಿತು. ಹಿಚ್‌ಕಾಕ್ 'ಸೈಕೊ' ಚಿತ್ರದಲ್ಲಿ ರಕ್ತಕ್ಕೆ ಚಾಕೊಲೇಟ್ ಪಾಕ ಬಳಸಿದ್ದನ್ನು ನೀವೂ ಹಾಕಿದ್ದಿರಿ. ಆ ಚಿತ್ರ ಕಪ್ಪುಬಿಳುಪಿನದು ಎಂದು ಹೇಳಲು ಮರೆತದ್ದರಿಂದ ಓದುಗರು ಹಿಚ್‌ಕಾಕ್‌ಗೆ ತಲೆ ಕೆಟ್ಟಿತ್ತೆಂದು ಭಾವಿಸಿರಬೇಕು.

ರಿಪ್ಲಿ ಅಂಕಣದ ಇನ್ನೊಂದು ಪ್ರಸಂಗ ನೆನಪಾಗುತ್ತದೆ. ಐನ್‌ಸ್ಟೈನ್ ಗಣಿತದಲ್ಲಿ ಅನುತ್ತೀರ್ಣರಾಗಿದ್ದರು ಎಂದು ಅದು ಬರೆಯಿತು. 1935ರಲ್ಲಿ ಪ್ರಿನ್ಸ್‌ಟನ್‌ನಲ್ಲಿ ಒಬ್ಬರು ಅದನ್ನು ತೋರಿಸಿದಾಗ ಐನ್‌ಸ್ಟೈನ್ ನಕ್ಕು, ತಾವೆಂದೂ ಗಣಿತದಲ್ಲಿ ಅನುತ್ತೀರ್ಣರಾಗಿಲ್ಲ, ಹದಿನೈದು ತುಂಬುವ ಮೊದಲೇ ಕಲನಶಾಸ್ತ್ರ ಕಲಿತಾಗಿತ್ತು ಎಂದರು. ಜ್ಯೂರಿಕ್‌ನ ಪಾಲಿಟೆಕ್ನಿಕ್ ಪ್ರವೇಶ ಪರೀಕ್ಷೆಯಲ್ಲಿ 1895ರಲ್ಲಿ ಅವರು ಉತ್ತೀರ್ಣರಾಗಲಿಲ್ಲ ಎಂಬುದು ದಿಟ. ಆದರೆ ಆ ಪರೀಕ್ಷೆಯಲ್ಲೂ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಒಳ್ಳೆಯ ಅಂಕಗಳೇ ಬಂದಿದ್ದವು. ಕೈಕೊಟ್ಟದ್ದು ಉಳಿದ ವಿಷಯಗಳು. ತಂದೆತಾಯಿಯರಿಗೆ ಸಮಾಧಾನ ಹೇಳಲು ಈ ಸುಳ್ಳು ಬಹಳ ಅನುಕೂಲವಾದ್ದರಿಂದ ಅದಕ್ಕೆ ಸಾವಿಲ್ಲ.

ತಪ್ಪನ್ನು ತಿದ್ದುವವರೂ ಎಡವುತ್ತಾರೆ ಎನ್ನಲು ಪಾಲಕ್ ಸೊಪ್ಪಿನ ಕಥೆಯೊಂದು ಸಾಕು. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ದಶಮಾಂಶ ಬಿಂದುವನ್ನು ತಪ್ಪಾದ ಜಾಗದಲ್ಲಿಟ್ಟು ಪಾಲಕ್‌ನ ಕಬ್ಬಿಣದ ಅಂಶವನ್ನು ಹತ್ತು ಪಟ್ಟು ಏರಿಸಿದರು, ಅದನ್ನು ನಂಬಿಯೇ ವ್ಯಂಗ್ಯಚಿತ್ರದ ನಾವಿಕ ಪೊಪೈ ಪಾಲಕ್ ತಿನ್ನತೊಡಗಿದ ಎಂದು ಎಲ್ಲರೂ ಜಾಣತನದಿಂದ ಹೇಳುತ್ತಾರೆ. 1981ರಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ವೈದ್ಯಕೀಯ ಪತ್ರಿಕೆಯೇ ಇದನ್ನು ಅಚ್ಚು ಹಾಕಿತ್ತು, ಆಧಾರ ಮಾತ್ರ ಕೊಟ್ಟಿರಲಿಲ್ಲ. ಸುಮಾರು ಮೂವತ್ತು ವರ್ಷಗಳ ನಂತರ ಬ್ರಿಟಿಷ್ ಸಂಶೋಧಕ ಮೈಕ್ ಸಟನ್ ಹಳೆಯ ಕಡತಗಳನ್ನು ಜಾಲಾಡಿದಾಗ ಆ ಬಿಂದುವಿನ ಎಡವಟ್ಟಿಗೆ ಯಾವ ಪುರಾವೆಯೂ ಸಿಗಲಿಲ್ಲ. ಪೊಪೈ 1932ರಲ್ಲಿ ತಾನೇ ಹೇಳಿಕೊಂಡ ಕಾರಣ ಕಬ್ಬಿಣವಲ್ಲ, 'ಎ' ಜೀವಸತ್ವ! ಒಂದು ಮಿಥ್ಯೆಯನ್ನು ಬಯಲಿಗೆಳೆಯುತ್ತೇವೆಂದು ಹೊರಟವರು ಅದಕ್ಕಿಂತ ಗಟ್ಟಿಯಾದ ಇನ್ನೊಂದನ್ನು ಕಟ್ಟಿಟ್ಟರು. ಪಾಲಕ್‌ನಲ್ಲಿ ಕಬ್ಬಿಣ ಇರುವುದು ನಿಜ, ನೂರು ಗ್ರಾಂ ಹಸಿ ಸೊಪ್ಪಿನಲ್ಲಿ ಸುಮಾರು 2.7 ಮಿಲಿಗ್ರಾಂ. ಅದರಲ್ಲಿ ದೇಹಕ್ಕೆ ದಕ್ಕುವುದು ಸ್ವಲ್ಪವೇ.

ಇಂಥ ಸಂಗತಿಗಳು ಒಂದು ಚೌಕದಿಂದ ಇನ್ನೊಂದಕ್ಕೆ ಹೇಗೆ ನಕಲಾಗುತ್ತವೆ ಎಂಬುದಕ್ಕೆ ನ್ಯಾಯಾಲಯದ ದಾಖಲೆಯೇ ಇದೆ. ಅಮೆರಿಕದ ಫ್ರೆಡ್ ವರ್ತ್ ಎಂಬುವರು 1974ರಲ್ಲಿ ಪ್ರಕಟವಾದ ತಮ್ಮ ಸಂಗತಿಕೋಶದಲ್ಲಿ ಬೇಕೆಂದೇ ಒಂದು ಸುಳ್ಳನ್ನು ನೆಟ್ಟಿದ್ದರು. ಟೆಲಿವಿಷನ್ ಪತ್ತೇದಾರ ಕೊಲಂಬೊನ ಪೂರ್ಣ ಹೆಸರು ಫಿಲಿಪ್ ಕೊಲಂಬೊ ಎಂದು. ಮುಂದೆ 'ಟ್ರಿವಿಯಲ್ ಪರ್ಸ್ಯೂಟ್' ಎಂಬ ಪ್ರಸಿದ್ಧ ರಸಪ್ರಶ್ನೆ ಆಟದ ಕಾರ್ಡಿನಲ್ಲಿ ಸರಿಯುತ್ತರವಾಗಿ ಫಿಲಿಪ್ ಪ್ರತ್ಯಕ್ಷನಾದ. ವರ್ತ್ 1984ರಲ್ಲಿ 30 ಕೋಟಿ ಡಾಲರ್ ಪರಿಹಾರ ಕೋರಿ ಮೊಕದ್ದಮೆ ಹೂಡಿದರು. ಆಟದವರು ಆ ಪುಸ್ತಕವನ್ನು ಬಳಸಿದ್ದನ್ನು ಒಪ್ಪಿಕೊಂಡರು, ನಾವು ಬಳಸಿದ ಹಲವು ಪುಸ್ತಕಗಳಲ್ಲಿ ಅದೂ ಒಂದು ಎಂದರು. ಸಂಗತಿಗಳ ಮೇಲೆ ಯಾರಿಗೂ ಹಕ್ಕುಸ್ವಾಮ್ಯವಿಲ್ಲವೆಂದು ನ್ಯಾಯಾಲಯಗಳು ವರ್ತ್ ಅವರ ವಾದವನ್ನು ತಳ್ಳಿಹಾಕಿದವು. ಕಳ್ಳನನ್ನು ಬಲೆಗೆ ಬೀಳಿಸಿದ್ದೂ ಆಯಿತು, ಕದ್ದದ್ದು ಕಳವೇ ಅಲ್ಲವೆಂದು ತೀರ್ಪೂ ಬಂತು. ನನಗೆ ವರ್ತ್ ಬಗ್ಗೆ ಮರುಕವಿದೆ. ಆದರೂ ಸುಳ್ಳನ್ನು ನೆಟ್ಟವರು ಅದರ ಫಸಲಿಗೆ ಬೆಲೆ ಕೇಳಿದ್ದು ಸ್ವಲ್ಪ ಹೆಚ್ಚಾಯಿತು ಎನಿಸುತ್ತದೆ.

ನನ್ನ ಕೋರಿಕೆ ಚಿಕ್ಕದು. ದಿನಕ್ಕೆ ಐದಾರು ತುಣುಕುಗಳನ್ನು ತುರುಕುವ ಬದಲು ಎರಡನ್ನೇ ಹಾಕಿ, ಪ್ರತಿಯೊಂದಕ್ಕೂ 'ಹೇಗೆ', 'ಏಕೆ' ಎಂಬುದಕ್ಕೆ ಒಂದೆರಡು ವಾಕ್ಯ ಕೊಡಿ. ಆಸ್ಟ್ರೇಲಿಯಾದ ವೊಂಬಾಟ್ ಎಂಬ ಪ್ರಾಣಿಯ ಲದ್ದಿ ಘನಾಕಾರದ್ದು ಎಂದು ಹಾಕಿದರೆ ಓದುಗರು ನಗುತ್ತಾರೆ. ಅದರ ಕರುಳಿನ ಗೋಡೆ ಕೆಲವೆಡೆ ಬಿಗಿ, ಕೆಲವೆಡೆ ಸಡಿಲವಾಗಿರುವುದರಿಂದ ಆ ಮೂಲೆಗಳು ಮೂಡುತ್ತವೆ ಎಂದು ಸೇರಿಸಿದರೆ ನಕ್ಕವರು ಯೋಚಿಸುತ್ತಾರೆ. ಇದನ್ನು ಕಂಡುಹಿಡಿದವರಿಗೆ 2019ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆ ಕೊಡುವ ಇಗ್ ನೊಬೆಲ್ ಬಹುಮಾನವೂ ಬಂದಿದೆ, ಬೇಕಿದ್ದರೆ ಮೂರನೆಯ ವಾಕ್ಯಕ್ಕಾಯಿತು. ತಪ್ಪಾದಾಗ ತಿದ್ದುಪಡಿಯನ್ನು ಯಾರ ಕಣ್ಣಿಗೂ ಬೀಳದ ಪುಟದ ತಳದಲ್ಲಿ ಹಾಕದೆ ಅದೇ ಚೌಕದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ಹಾಕಿ.

ಮನುಷ್ಯ ಮಿದುಳಿನ ಹತ್ತು ಶೇಕಡವನ್ನು ಮಾತ್ರ ಬಳಸುತ್ತಾನೆ ಎಂಬ ತುಣುಕು ಮುಂದಿನ ವಾರಕ್ಕೆ ಸಿದ್ಧವಾಗಿ ಕುಳಿತಿದ್ದರೆ ದಯವಿಟ್ಟು ತಡೆಹಿಡಿಯಿರಿ. ದೇಹದ ತೂಕದಲ್ಲಿ ಎರಡು ಶೇಕಡದಷ್ಟಿರುವ ಮಿದುಳು, ನಾವು ಸುಮ್ಮನೆ ಕುಳಿತಿದ್ದಾಗಲೂ ದೇಹದ ಶಕ್ತಿಯಲ್ಲಿ ಸುಮಾರು ಇಪ್ಪತ್ತು ಶೇಕಡವನ್ನು ಖರ್ಚು ಮಾಡುತ್ತದೆ. ಹಾಕುವುದಿದ್ದರೆ ಅದನ್ನೇ ಹಾಕಿ.

ಇಂತಿ ತಮ್ಮ ವಿಶ್ವಾಸಿ,
ಚೌಕದ ಹಳೆಯ ಓದುಗ