ಇಳಿದ ನೀರು ತಿರುಗಿ ಬರುತ್ತದೆ

ಕಲಬುರಗಿ

ಪ್ರೀತಿಯ ಮಗಳೇ,

ಗೋಕರ್ಣದ ಕಡಲದಂಡೆಯ ಬಂಡೆಗಳಲ್ಲಿ ನೀರು ನಿಂತ ಗುಂಡಿಗಳನ್ನೂ ಗವಿಗಳನ್ನೂ ನೋಡಲು ಹೊರಟಿದ್ದೀ. ನಮ್ಮ ಭೀಮೆಯ ಪ್ರವಾಹ ಇಳಿಯಿತೆಂದರೆ ಜನ ನಿರಾಳವಾಗುತ್ತಾರೆ. ಕಡಲು ಹಾಗಲ್ಲ, ಇಳಿದ ನೀರು ಆರು ತಾಸಿನಲ್ಲಿ ಮತ್ತೆ ತುಂಬಿಕೊಳ್ಳುತ್ತದೆ.

ಬಸ್ ಟಿಕೆಟ್ ತೆಗೆಸುವ ಮೊದಲು ಪಂಚಾಂಗ ನೋಡು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ತೀರ ಕೆಳಗಿಳಿದು ಬಂಡೆಗುಂಡಿಗಳು ಬಯಲಾಗುತ್ತವೆ. ಅಷ್ಟಮಿ ಹೊತ್ತಿಗೆ ಹೋದರೆ ಅರ್ಧವೂ ಕಾಣಿಸವು. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ. ನಿಖರ ವೇಳೆಗೂ ದೊಡ್ಡ ಅಲೆಯ ಮುನ್ಸೂಚನೆಗೂ ಕೇಂದ್ರ ಸರ್ಕಾರದ ಕಡಲ ಮಾಹಿತಿ ಸಂಸ್ಥೆ ಇಂಕಾಯ್ಸ್ (INCOIS) ಕೊಡುವ ಮಾಹಿತಿ ನೋಡು. ಕಡಲಿನ ಲೆಕ್ಕ ಇಡುವ ಆ ಕಚೇರಿ ಇರುವುದು ಹೈದರಾಬಾದಿನಲ್ಲಿ, ಕಡಲಿಗಿಂತ ನಮಗೇ ಹತ್ತಿರ! ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರ ಬಂಡೆಯ ಮಾತೇ ಬೇಡ.

ನೀರು ಪೂರ್ತಿ ಇಳಿಯುವುದಕ್ಕೆ ಒಂದೂವರೆ ತಾಸು ಮುಂಚೆ ಬಂಡೆಗಿಳಿ. ನೀರಿನ ಹಿಂದೆ ಹಿಂದೆ ಹೋಗು, ಅದು ತಿರುಗಿದ ಕೂಡಲೇ ನೀನೂ ತಿರುಗು. ಜನ ಮೋಸಹೋಗುವುದು ಇಲ್ಲೇ. ಮೊದಲ ತಾಸಿನಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲಷ್ಟೇ ಏರುವುದರಿಂದ ನೀರು ನಿಂತಂತೆ ಕಾಣುತ್ತದೆ. ಮೂರು, ನಾಲ್ಕನೇ ತಾಸಿನಲ್ಲಿ ಅರ್ಧದಷ್ಟು ಏರಿಬಿಡುತ್ತದೆ. ಅಷ್ಟರೊಳಗೆ ಬೆನ್ನ ಹಿಂದಿನ ತಗ್ಗು ತುಂಬಿ ದಾರಿ ಕಡಿದಿರುತ್ತದೆ.

ಬಚ್ಚಲಿನ ಶಹಾಬಾದ್ ಫರಸಿಗೆ ಪಾಚಿ ಕಟ್ಟಿದರೆ ಹೇಗೆ ಜಾರುತ್ತದೋ ಗೊತ್ತಲ್ಲ? ಬಂಡೆಯ ಮೇಲೆ ಹಸಿರು, ಮಿರಮಿರ ಕಪ್ಪು ಕಂಡಲ್ಲಿ ಅದೇ ಗತಿ. ಹವಾಯಿ ಚಪ್ಪಲಿ ಬೇಡ, ಹಿಡಿತದ ರಬ್ಬರ್ ತಳದ ಬೂಟು ಹಾಕು. ಬಂಡೆಗೆ ಅಂಟಿಕೊಂಡೇ ಬದುಕುವ ಬಾರ್ನಕಲ್ ಎಂಬ ಸಣ್ಣ ಜೀವಿಗಳ ಬಿಳಿ ಕವಚಗಳ ಮೇಲೆ ಕಾಲು ಜಾರದು, ಆದರೆ ಬಿದ್ದರೆ ಅಂಗೈ ಸೀಳುತ್ತವೆ; ಗಾಯವನ್ನು ಸಿಹಿನೀರು, ಸೋಪಿನಿಂದ ತೊಳೆ.

ಗವಿಯೊಳಗೆ ಹೋಗುವ ಮೊದಲು ಅದರ ಬಾಯಲ್ಲಿ ಹತ್ತು ನಿಮಿಷ ನಿಂತು ಅಲೆ ನೋಡು. ಸಣ್ಣ ಅಲೆಗಳ ನಡುವೆ ದೊಡ್ಡವು ಗುಂಪಾಗಿ ಬರುತ್ತವೆ. ಗೋಡೆಯ ಮೇಲೆ ಬಾರ್ನಕಲ್ ಎಲ್ಲಿಯವರೆಗೆ ಅಂಟಿವೆಯೋ ಅಲ್ಲಿಯವರೆಗೆ ನೀರು ಬರುವುದು ಖಚಿತ. ಆ ಗೆರೆ ನಿನ್ನ ಎದೆಗಿಂತ ಮೇಲಿದ್ದರೆ ಹೊರಗಿಂದಲೇ ನೋಡಿ ಬಾ. ಮೇಲಿನ ಕೆಂಪು ಕಲ್ಲು ಬೀದರ್ ಕೋಟೆಯ ಕಲ್ಲಿನದೇ ಜಾತಿ; ಅಡಿಭಾಗವನ್ನು ಅಲೆ ಕೊರೆದರೆ ಚಾವಣಿ ಕಳಚುತ್ತದೆ. ನೆಲದಲ್ಲಿ ಪಾಚಿ ಹತ್ತದ ಹೊಸ ಕಲ್ಲುಗಳು ಬಿದ್ದಿದ್ದರೆ ಒಳಗೆ ಹೋಗಬೇಡ.

ಗುಂಡಿಯ ಪಕ್ಕ ನೆರಳು ಬೀಳದಂತೆ ಕುಕ್ಕರಗಾಲಲ್ಲಿ ಕೂತು ಎರಡು ನಿಮಿಷ ಅಲುಗಾಡಬೇಡ. ಅಡಗಿದ ಏಡಿ ಹೊರಬರುತ್ತದೆ, ಮುದುಡಿದ ಅನಿಮೋನ್ ಎಂಬ ಹೂವಿನಂಥ ಕಡಲಜೀವಿ ಅರಳುತ್ತದೆ. ಕಲ್ಲು ಎತ್ತಿದರೆ ಇದ್ದ ಮಗ್ಗುಲಿಗೇ ಇಡು, ಇಲ್ಲದಿದ್ದರೆ ಅಡಿಯ ಜೀವಿಗಳು ಬಿಸಿಲಿಗೆ ಒಣಗಿ ಸಾಯುತ್ತವೆ. ಶಂಕುವಿನಾಕಾರದ ಚೆಂದದ ಚಿಪ್ಪನ್ನು ಮುಟ್ಟಲೇಬೇಡ, ಒಳಗಿನ ಕೋನ್ ಬಸವನಹುಳು ವಿಷದ ಮುಳ್ಳು ಚುಚ್ಚುತ್ತದೆ. ಮೈತುಂಬ ಮುಳ್ಳಿರುವ ದುಂಡನೆಯ ಕಡಲಮುಳ್ಳಿ ಚುಚ್ಚಿದರೆ ತಾಳುವಷ್ಟು ಬಿಸಿನೀರಲ್ಲಿ ಅರ್ಧ ತಾಸು ಕಾಲಿಡು, ಮುಳ್ಳು ಆಳಕ್ಕೆ ಹೋಗಿದ್ದರೆ ಕೆದಕದೆ ಡಾಕ್ಟರಿಗೆ ತೋರಿಸು.

ನಿನ್ನ ಅವ್ವ