ನಮ್ಮ ಮೈಕ್ರೋವಾಲ್ವಿನ ಜೆಲ್ ಬದಲಾಗುತ್ತಿದೆ

ಪ್ರಿಯ ಗ್ರಾಹಕರೇ,

ಈ ತಿಂಗಳಿಂದ ನಮ್ಮ ವೈರ್‌ಲೆಸ್ ಮೈಕ್ರೋವಾಲ್ವ್ ಚಿಪ್‌ಗಳಿಗೆ (ಸಣ್ಣ ಚಾನೆಲ್ಲಿನಲ್ಲಿ, ಅಂದರೆ ಕಿರಿದಾದ ದಾರಿಯಲ್ಲಿ, ಹರಿಯುವ ದ್ರವವನ್ನು ಟ್ರಾನ್ಸ್‌ಮಿಟರಿನ ಸಿಗ್ನಲ್ಲಿನಿಂದ ಬಿಡುವ, ತಡೆಯುವ ಪುಟ್ಟ ಸಾಧನ) ಬೇರೆ ಜೆಲ್ ಹಾಕುತ್ತಿದ್ದೇವೆ. ಹಳೆ ಚಿಪ್ ಇರುವವರಿಗೆಲ್ಲ ಹೊಸದನ್ನು ದುಡ್ಡಿಲ್ಲದೆ ಬದಲಾಯಿಸಿ ಕೊಡುತ್ತೇವೆ. ಯಾಕೆ ಅಂತ ಬಿಡಿಸಿ ಹೇಳಬೇಕು ಅಲ್ವಾ?

ಏಪ್ರಿಲ್‌ನಲ್ಲಿ ಚಿತ್ರದುರ್ಗದ ಒಂದು ಕಾಲೇಜು ಲ್ಯಾಬಿನಿಂದ ಫೋನ್ ಬಂತು. 'ಟ್ರಾನ್ಸ್‌ಮಿಟರ್ ಆಫ್ ಇದೆ, ಆದ್ರೂ ವಾಲ್ವ್ ಸೋರ್ತಿದೆ' ಅಂದರು. ಅದೇ ಬ್ಯಾಚಿನ ಚಿಪ್ ದಾವಣಗೆರೆಯ ನಮ್ಮ ಮೇಜಿನ ಮೇಲೆ ಚೆನ್ನಾಗಿಯೇ ನಡೆಯುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡೆವು. ಮೂರನೇ ದಿನ ಮಧ್ಯಾಹ್ನ ಕರೆಂಟ್ ಹೋಗಿ ಎಸಿ ನಿಂತಿತು. ಮೈಕ್ರೋಸ್ಕೋಪ್ ಯುಪಿಎಸ್ ಮೇಲಿತ್ತು, ನೋಡುತ್ತಾ ಕೂತೆವು. ಗೋಡೆಯ ಥರ್ಮಾಮೀಟರ್ 34 ಡಿಗ್ರಿ ತೋರಿಸುವ ಹೊತ್ತಿಗೆ, ಚಾನೆಲ್ ತುಂಬ ಬಿಗಿಯಾಗಿ ಕೂತಿದ್ದ ಜೆಲ್ ಬೆಳ್ಳಗಾಗಿ ಮುದುಡಿತು. ಗೋಡೆಗೂ ಅದಕ್ಕೂ ನಡುವೆ ಬಿದ್ದ ಸಂದಿಯಲ್ಲಿ ಕೆಂಪು ಬಣ್ಣದ ನೀರು ಎಳೆಯಾಗಿ ನುಸುಳಿತು. ಯಾರೂ ಏನನ್ನೂ ಮುಟ್ಟಿರಲಿಲ್ಲ.

ತಪ್ಪು ಲ್ಯಾಬಿನದಲ್ಲ, ನಮ್ಮದು. ಈ ಜೆಲ್ಲಿನ ಹೆಸರು ಪಿನಿಪಾಮ್. ತಣ್ಣಗಿನ ನೀರಿನಲ್ಲಿ ಸಾಬಕ್ಕಿ ನೆನೆದ ಹಾಗೆ ಉಬ್ಬಿ ದಾರಿ ಮುಚ್ಚುತ್ತದೆ. ಸುಮಾರು 32 ಡಿಗ್ರಿ ದಾಟಿದರೆ ನೀರು ಬಿಟ್ಟು ಕುಗ್ಗುತ್ತದೆ, ದಾರಿ ತೆರೆಯುತ್ತದೆ. ಆ ಬಿಸಿ ಕೊಡುವುದು ಚಿಪ್ಪಿನಡಿಯ ತಾಮ್ರದ ಸುರುಳಿ ಮತ್ತು ಕೆಪಾಸಿಟರ್. ಅದಕ್ಕೆ ಬ್ಯಾಟರಿ ಇಲ್ಲ, ವೈರ್ ಇಲ್ಲ, ಗಾಳಿ ಪೈಪೂ ಇಲ್ಲ. ಟ್ರಾನ್ಸ್‌ಮಿಟರಿನ ಫ್ರೀಕ್ವೆನ್ಸಿ ಸುರುಳಿಯ ಫ್ರೀಕ್ವೆನ್ಸಿಗೆ ಕೂಡಿದಾಗ ಮಾತ್ರ ಸುರುಳಿ ಬಿಸಿಯಾಗುತ್ತದೆ, ರೇಡಿಯೋದಲ್ಲಿ ಸ್ಟೇಷನ್ ಹಿಡಿದ ಹಾಗೆ. ಒಂದೇ ಟ್ರಾನ್ಸ್‌ಮಿಟರಿನಿಂದ ಮೂರು ವಾಲ್ವ್‌ಗಳನ್ನು ಬೇರೆ ಬೇರೆಯಾಗಿ ತೆರೆಯಲು ಆಗುವುದು ಇದರಿಂದಲೇ. ಎಸಿ ಇರುವ 25 ಡಿಗ್ರಿ ಕೋಣೆಯಲ್ಲಿ 32 ಒಳ್ಳೆಯ ಆಯ್ಕೆ. ನಮ್ಮ ಕಡೆ ಬೇಸಿಗೆಯಲ್ಲಿ ಕೋಣೆಯೇ ಅಷ್ಟು ಕಾದಿರುತ್ತದೆ. ಎಸಿ ಇಲ್ಲದ ಲ್ಯಾಬುಗಳಿಗೆ ಕೊಡುವಾಗ ಇದು ಮೊದಲೇ ಹೊಳೆಯಬೇಕಿತ್ತು. ಕ್ಷಮೆ ಇರಲಿ.

ಹೊಸ ಜೆಲ್ಲಿಗೆ ಅಕ್ರಿಲಮೈಡ್ ಬೆರೆಸಿದ್ದೇವೆ. ಅದು ನೀರನ್ನು ಜಾಸ್ತಿ ಹಿಡಿದುಕೊಳ್ಳುತ್ತದೆ, ಹಾಗಾಗಿ ಕುಗ್ಗುವ ಬಿಸಿ ಸುಮಾರು 42 ಡಿಗ್ರಿಗೆ ಏರಿದೆ. ಇದಕ್ಕೂ ಒಂದು ಬೆಲೆ ಇದೆ. ಮೊದಲಿನಂತೆ ಥಟ್ಟನೆ ಕುಗ್ಗುವುದಿಲ್ಲ, ತುಸು ನಿಧಾನ. ನಿಮ್ಮ ಪ್ರೋಗ್ರಾಮಿನಲ್ಲಿ ವಾಲ್ವ್ ತೆರೆಯಲು ಇಟ್ಟ ಸಮಯವನ್ನು ದಯವಿಟ್ಟು ಹೆಚ್ಚಿಸಿ. ಇನ್ನೊಂದು ಮಾತು, ಇದು ಮುಖ್ಯ: ಜೀವಂತ ಕೋಶ ಅಥವಾ ಎನ್‌ಝೈಮ್ ಇರುವ ಸ್ಯಾಂಪಲ್ ಆದರೆ ಆ ದಾರಿಯಲ್ಲಿ ಈ ವಾಲ್ವ್ ಬೇಡ. ಬಫರ್ (ಸ್ಯಾಂಪಲ್ ಜೊತೆ ಬಳಸುವ ದ್ರಾವಣ) ಮಾತ್ರ ಹರಿಯುವ ದಾರಿಯಲ್ಲಿಡಿ. ಇಷ್ಟು ಬಿಸಿ ಅವಕ್ಕೆ ಒಳ್ಳೆಯದಲ್ಲ.

ಮೈಕ್ರೋಪಂಪ್‌ಗಳಲ್ಲಿ ಬದಲಾವಣೆ ಇಲ್ಲ. ಅಲ್ಲಿ ಜೆಲ್ ಬದಲು, ಬಿಸಿಯಾದಾಗ ಆಕಾರ ಬದಲಿಸುವ ನಿಟಿನಾಲ್ ಎಂಬ ಲೋಹವಿದೆ. ನಾವು ಬಳಸುವ ನಿಟಿನಾಲ್ 60 ಡಿಗ್ರಿ ದಾಟದೆ ಅಲುಗುವುದಿಲ್ಲ.

ಫೋನ್ ಮಾಡಿದವರಲ್ಲಿ ಕೆಲವರು ಟ್ರಾನ್ಸ್‌ಮಿಟರನ್ನು ಸ್ಟೀಲ್ ಮೇಜಿನ ಮೇಲೆ ಇಟ್ಟಿದ್ದರು. ಹತ್ತಿರ ಲೋಹ ಇದ್ದರೆ ಫ್ರೀಕ್ವೆನ್ಸಿ ತಪ್ಪುತ್ತದೆ. ಕೆಳಗೆ ದಪ್ಪನೆಯ ಮರದ ಹಲಗೆ ಇಡಿ.

ನೀಲಿ ಚುಕ್ಕೆ ಇರುವವು ಹಳೆ ಚಿಪ್, ಹಸಿರು ಚುಕ್ಕೆಯವು ಹೊಸದು. ನೀಲಿಯವನ್ನು ಬಸ್ ಪಾರ್ಸಲ್‌ನಲ್ಲಿ ಕಳಿಸಿ, ಖರ್ಚು ನಮ್ಮದು. ಕಳಿಸುವ ಮುಂಚೆ ಚಾನೆಲ್ಲಿಗೆ ಡಿಸ್ಟಿಲ್ಡ್ ನೀರು ತುಂಬಿ, ಎರಡೂ ಬಾಯಿಗೆ ಟೇಪ್ ಹಚ್ಚಿ. ದಾರಿಯಲ್ಲಿ ಜೆಲ್ ಒಣಗಿದರೆ ಬಿರುಕು ಬಿಡುತ್ತದೆ. ಆಮೇಲೆ ನಿಮ್ಮ ಲ್ಯಾಬಿನಲ್ಲಿ ಅದು ಹೇಗೆ ನಡೆದಿತ್ತು ಅಂತ ನಮಗೆ ನೋಡಲು ಆಗುವುದಿಲ್ಲ.

ನಿಮ್ಮ ವಿಶ್ವಾಸಿಗಳು,
ವಾಲ್ವ್ ವಿಭಾಗದ ಎಲ್ಲರೂ
ದಾವಣಗೆರೆ